ಮತ್ತದೇ ಬಿಳಿ

ಕಾಲು ಮುರಿದುಕೊಂಡು ಮಲಗಿದ್ದ ತಮ್ಮ ಎದ್ದು ಓಡಾಡುವಂತಾದ ಮೇಲೆ ಮೊದಲು ಬಂದದ್ದು ಅಕ್ಕನ ಬಣ್ಣದ ಶೆಡ್ಡಿಗೆ. ಓಡಾಡುವುದು ಎಂದರೆ ಒಂದು ಕಾಲನ್ನು ಊರಿ, ಇನ್ನೊಂದನ್ನು ಯಾರದೋ ಸಾಮಾನಿನ ಹಾಗೆ ಹಿಂದಿನಿಂದ ಎಳೆದುಕೊಂಡು ಬರುವುದು. ಅವನ ಬೆನ್ನಿಗೇ ಟ್ರಕ್ಕಿನ ಮೇಲೆ ಅವನ ಕಾರೂ ಬಂತು. ಹೊಸ ಬಾಗಿಲು, ಹೊಸ ಬಂಪರು, ರಿಪೇರಿಯಾದ ಇಂಜಿನ್ನು. ಬಣ್ಣ ಒಂದು ಬಾಕಿ. ಮೈತುಂಬ ಬೂದು ಪ್ರೈಮರು ಬಳಿದುಕೊಂಡು, ಹುಷಾರು ತಪ್ಪಿದವರ ಮುಖದ ಹಾಗಿತ್ತು ಅದು.

"ಏನೇ ಬಣ್ಣದಕ್ಕ, ಗಿರಾಕಿ ಬಂದಿದ್ದಾನೆ, ಕೂರು ಅನ್ನೋದಿಲ್ವಾ?" ಎಂದು ನಕ್ಕ.

ಶೆಡ್ಡಿಗೆ ಬರುವವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ, ಬಣ್ಣದಕ್ಕ. ಅವಳು ಸ್ಪ್ರೇ ಗನ್ನು ಪಕ್ಕಕ್ಕಿಟ್ಟು, ಮುಖದ ಮಾಸ್ಕು ಕತ್ತಿಗೆ ಇಳಿಸಿ ಅವನನ್ನು ನೋಡಿದಳು. ಮೊದಲಿನ ಹಾಗೇ ನಗುತ್ತಿದ್ದ. ಆದರೆ ಆ ನಗು ತುಟಿಯಿಂದ ಮೇಲಕ್ಕೆ ಏರಲಿಲ್ಲ. ಅವಳಿಗೆ ಯಾಕೋ ಸರಿಬೀಳಲಿಲ್ಲ.

ತಮ್ಮನೂ ಅವಳ ಗಂಡನೂ ಒಂದೇ ತಂಡದಲ್ಲಿ ಡ್ರಿಫ್ಟ್ ಕಾರು ಓಡಿಸುವವರು. ಓಟದ ಅಂಗಳದಲ್ಲಿ ಗಂಡನನ್ನು ಉಸ್ತಾದ್ ಎನ್ನುತ್ತಿದ್ದರು, ತಮ್ಮನನ್ನು ಬುಗುರಿ. ಬುಗುರಿಗೆ ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿದವನೇ ಉಸ್ತಾದ್. ಈ ಆಟದಲ್ಲಿ ಮೊದಲು ಮುಟ್ಟಿದವನು ಗೆದ್ದ ಎಂಬುದಿಲ್ಲ. ಕಾರಿನ ಮೂಗು ಒಂದು ಕಡೆ, ಬಾಲ ಇನ್ನೊಂದು ಕಡೆ ಮಾಡಿಕೊಂಡು, ಹಿಂದಿನ ಟೈರುಗಳಿಂದ ಹೊಗೆ ಎಬ್ಬಿಸುತ್ತ, ಅಡ್ಡಡ್ಡ ಜಾರಿಕೊಂಡೇ ತಿರುವು ದಾಟಬೇಕು. ಜೋಡಿ ಓಟವಾದರೆ ಮುಂದಿನವನು ಜಾರಿದಂತೆ ಹಿಂದಿನವನೂ ಜಾರಬೇಕು, ಅದೂ ಅವನ ಬಾಗಿಲಿಗೆ ತನ್ನ ಕಾರಿನ ಮೂಗು ತಾಗುವಷ್ಟು ಹತ್ತಿರ. ತಾಗಿಸುವಂತಿಲ್ಲ. ತಾಗುವಷ್ಟು ಹತ್ತಿರ, ಅಷ್ಟೇ.

ಕಳೆದ ವರ್ಷ ಮೂರನೇ ತಿರುವಿನಲ್ಲಿ ತಾಗಿತು. ಬುಗುರಿ ಮುಂದಿದ್ದ, ಉಸ್ತಾದ್ ಹಿಂದಿದ್ದ. ಹೊಗೆಯೊಳಗಿನಿಂದ ತಗಡು ಹರಿದ ಸದ್ದು ಬಂತು. ಹೊಗೆ ತಿಳಿಯಾದಾಗ ಬುಗುರಿಯ ಕಾರು ಕಾಂಕ್ರೀಟ್ ಗೋಡೆಗೂ ಭಾವನ ಕಾರಿಗೂ ನಡುವೆ ಅಪ್ಪಚ್ಚಿಯಾಗಿ ನಿಂತಿತ್ತು. ಬಾಗಿಲು ಒಳಕ್ಕೆ ಬಾಗಿ ಅವನ ತೊಡೆಯ ಮೇಲೆ ಕೂತಿತ್ತು.

"ಕಾಣಲೇ ಇಲ್ಲ," ಎಂದು ಉಸ್ತಾದ್ ಆಸ್ಪತ್ರೆಯ ಕಾರಿಡಾರಿನಲ್ಲಿ ತಲೆ ಚಚ್ಚಿಕೊಂಡಿದ್ದ. "ಬಿಳಿ ಕಾರು, ಬಿಳಿ ಹೊಗೆ. ಎಲ್ಲಿ ಹೊಗೆ ಮುಗೀತು, ಎಲ್ಲಿ ಕಾರು ಶುರುವಾಯ್ತು ಅಂತ ಗೊತ್ತೇ ಆಗಲಿಲ್ಲ ಕಣೇ."

ಆ ಮಾತು ಅವನು ಅತ್ತು ಹೇಳಿದ್ದು. ಆದರೆ ಅದು ಹೋಗಿ ನಾಟಿದ್ದು ಹೆಂಡತಿಯ ಎದೆಗೆ. ಯಾಕೆಂದರೆ ಬಿಳಿಯನ್ನು ಆರಿಸಿದವಳು ಅವಳು. ತಮ್ಮ ಕೆಂಪು ಕೇಳಿದ್ದ. "ಕೆಂಪು ಎಲ್ಲರಿಗೂ ಇರುತ್ತೆ, ನಿನಗೆ ಬಿಳಿ ಒಪ್ಪುತ್ತೆ" ಎಂದು ಹಟ ಹಿಡಿದು, ಹಾಲಿನ ಕೆನೆಯಂಥ ಬಿಳಿಯನ್ನು ತಾನೇ ಕಲಸಿ ಬಳಿದಿದ್ದಳು. ಅಂದಿನಿಂದ ಅವಳಿಗೆ ಊಟ ರುಚಿಸಿದ್ದಿಲ್ಲ, ನಿದ್ದೆ ನೆಟ್ಟಗೆ ಹತ್ತಿದ್ದಿಲ್ಲ. ಬಿಳಿ ಡಬ್ಬಗಳನ್ನು ಕಣ್ಣಿಗೆ ಬೀಳದಂತೆ ಅಟ್ಟದ ಮೂಲೆಗೆ ತಳ್ಳಿದ್ದಳು.

ಹಾಗಾಗಿ ಈ ಸಲ ಅವಳು ಮೊದಲೇ ತಯಾರಾಗಿದ್ದಳು. ಬಣ್ಣದ ಬೀಸಣಿಗೆ ಪಟ್ಟಿಯನ್ನು ಅವನ ಮುಂದೆ ಹರವಿ, "ಇದು ನೋಡು, ಕಿತ್ತಳೆ. ಅರ್ಧ ಮೈಲಿಯಿಂದ ಕಣ್ಣಿಗೆ ಕುಕ್ಕುತ್ತೆ. ಇಲ್ಲಾಂದ್ರೆ ಈ ಗಿಳಿಹಸಿರು. ನೋಡೋಕೆ ಅಸಹ್ಯ, ಆದ್ರೆ ಕುರುಡನಿಗೂ ಕಾಣುತ್ತೆ," ಎಂದಳು.

ಬುಗುರಿ ಪಟ್ಟಿಯನ್ನು ತಿರುವಿ ತಿರುವಿ ನೋಡಿದ. "ಹೀಗೆ ಕಾಗದದ ಮೇಲೆ ನೋಡಿದ್ರೆ ಏನು ಗೊತ್ತಾಗುತ್ತೆ? ಹೊಗೆಯಲ್ಲಿ ನೋಡೋಣ. ಹಿಂದೆ ಬರೋನಿಗೆ ಯಾವುದು ಚೆನ್ನಾಗಿ ಕಾಣುತ್ತೋ ಅದನ್ನೇ ಹಾಕು. ನಾನು ಬೇಡ ಅನ್ನಲ್ಲ."

ಮಾತು ನ್ಯಾಯವಾಗಿತ್ತು. ಅವಳು ಒಪ್ಪಿದಳು.

ಶೆಡ್ಡಿನ ಹಿಂದೆ ಎತ್ತರದ ಗೋಡೆಯ ಖಾಲಿ ಹಿತ್ತಲು. ಗುಜರಿಯಿಂದ ತಂದಿಟ್ಟ ಬಾಗಿಲುಗಳು ಅಲ್ಲಿ ಬೇಕಾದಷ್ಟಿದ್ದವು. ಒಂದಕ್ಕೆ ಕಿತ್ತಳೆ, ಒಂದಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ಕಪ್ಪು ಹೊಡೆದು ಒಣಗಿಸಿದಳು. "ಬಿಳಿಯನ್ನೂ ಒಂದು ಹೊಡಿ, ಹೋಲಿಸೋಕೆ ಇರಲಿ," ಎಂದ ಬುಗುರಿ. ಬೇಡವೆಂದರೂ ಕೇಳಲಿಲ್ಲ. ಅಟ್ಟದಿಂದ ಡಬ್ಬ ಇಳಿಸಿ ಅದನ್ನೂ ಹೊಡೆದಳು.

ಮಾರನೇ ದಿನ ಗಾಳಿ ಅಲ್ಲಾಡದ ಹೊತ್ತು ನೋಡಿ, ಬಾಗಿಲುಗಳನ್ನು ಕಂಬಿಗಳಿಗೆ ಕಟ್ಟಿ ಸಾಲಾಗಿ ನಿಲ್ಲಿಸಿದರು. ಬುಗುರಿ ಪಕ್ಕದಲ್ಲಿ ಒಂದು ಹಳೇ ಕಾರಿನ ಮುಂದಿನ ಗಾಲಿಗಳಿಗೆ ಅಡ್ಡ ಕೊಟ್ಟು, ಹಿಂದಿನ ಗಾಲಿಗಳನ್ನು ನಿಂತಲ್ಲೇ ಗಿರ್ರನೆ ತಿರುಗಿಸಿದ. ಟೈರು ಚೀರಿತು. ಸುಟ್ಟ ರಬ್ಬರಿನ ವಾಸನೆಯ ಜೊತೆ ಬೆಳ್ಳಗಿನ ಹೊಗೆ ಉಕ್ಕಿ ಬಂದು ಹಿತ್ತಲನ್ನು ನುಂಗಿತು. ಅವಳು ಆಚೆ ತುದಿಯಲ್ಲಿ ನಿಲ್ಲಿಸಿದ್ದ ತನ್ನ ವ್ಯಾನಿನ ಸೀಟಿನಲ್ಲಿ ಕೂತು ಕಣ್ಣು ಕಿರಿದು ಮಾಡಿ ನೋಡಿದಳು.

ಕಿತ್ತಳೆ ಕಂಡಿತು. ಹಸಿರು ಮಸುಕಾಗಿ ಕಂಡಿತು. ಬಿಳಿ ಮಾತ್ರ ಇದ್ದ ಜಾಗದಲ್ಲೇ ಕರಗಿಹೋಗಿತ್ತು. ಆ ಕ್ಷಣ ಅವಳಿಗೆ ಅಳುವೂ ಬಂತು, ಒಂಥರಾ ಸಮಾಧಾನವೂ ಆಯಿತು. ಗಂಡ ಹೇಳಿದ್ದು ನಿಜ. ತಪ್ಪು ತನ್ನದೇ, ಆದರೆ ಅವನು ಹೇಳಿದ್ದು ನಿಜ.

ಬುಗುರಿ ಇಂಜಿನ್ ಆರಿಸಿ ಕುಂಟುತ್ತ ಬಂದ. "ಬಿಳಿ?"

"ಕಾಣಲಿಲ್ಲ."

"ಎಲ್ಲರೂ ನೋಡಿದ್ದು ಹೀಗೇ. ನೋಡೋಕೆ ಬಂದ ಜನ, ಜಡ್ಜುಗಳು, ತಂಡದ ಯಜಮಾನ್ರು, ಎಲ್ಲರೂ ಕೂತಿದ್ದು ದೂರದಲ್ಲಿ." ಅವನು ವ್ಯಾನಿನ ಕಿಟಕಿಗೆ ಮೊಣಕೈ ಊರಿದ. "ಭಾವ ಇದ್ದದ್ದು ಇಷ್ಟು ದೂರ ಅಲ್ಲ ಅಕ್ಕ. ವ್ಯಾನು ಮುಂದಕ್ಕೆ ತಗೋ. ಇನ್ನೂ ಮುಂದಕ್ಕೆ. ಬಾಗಿಲಿಗೆ ಬಂಪರು ತಾಗೋ ಹಾಗೆ. ಹಾಂ, ಇಲ್ಲಿ."

ಮತ್ತೆ ಟೈರು ಚೀರಿತು. ಮತ್ತೆ ಹೊಗೆ ಎದ್ದಿತು. ಆದರೆ ಹೊಗೆ ಏಳುತ್ತಿದ್ದದ್ದು ಹಿಂದಿನ ಗಾಲಿಯಿಂದ, ಹೋಗುತ್ತಿದ್ದದ್ದು ಇನ್ನೂ ಹಿಂದಕ್ಕೆ ಮತ್ತು ಮೇಲಕ್ಕೆ. ಅವಳ ಕಣ್ಣೆದುರಿನ ಬಾಗಿಲಿಗೂ ಅವಳಿಗೂ ನಡುವೆ ತೆಳ್ಳಗಿನ ಮಬ್ಬು ಆಡುತ್ತಿತ್ತು, ಅಷ್ಟೇ. ಬಿಳಿ ಬಾಗಿಲು ಕಾಣುತ್ತಿತ್ತು. ಅದರ ಹಿಡಿ ಕಾಣುತ್ತಿತ್ತು. ಬಾಗಿಲಿನ ಅಂಚಿನ ಕಪ್ಪು ಗೆರೆ, ಕೆಳಗಿನ ತುಕ್ಕು, ತಾನು ಅವಸರದಲ್ಲಿ ಹೊಡೆದಾಗ ಇಳಿದ ಒಂದು ಬಣ್ಣದ ಹನಿ, ಎಲ್ಲ ಕಾಣುತ್ತಿತ್ತು.

ಅವಳು ಗಾಜಿನ ಹತ್ತಿರಕ್ಕೆ ಮುಖ ತಂದು ಮತ್ತೊಮ್ಮೆ ನೋಡಿದಳು.

ಇಂಜಿನ್ ನಿಂತ ಮೇಲೆ ಅವಳು ವ್ಯಾನಿನಿಂದ ಇಳಿದು ಬಿಳಿ ಬಾಗಿಲನ್ನು ಮುಟ್ಟಿ ನೋಡಿದಳು. ಆಮೇಲೆ, "ನಿಂತ ಕಾರು ಬೇರೆ, ಓಡೋ ಕಾರು ಬೇರೆ. ಆ ವೇಗದಲ್ಲಿ ಮನುಷ್ಯನಿಗೆ ಒಂದು ರೆಪ್ಪೆ ಹೊಡೆಯೋ ಅಷ್ಟರಲ್ಲಿ..." ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದಳು.

"ನಾನೇನೂ ಹೇಳ್ತಿಲ್ಲ. ನಿನ್ನ ಕಣ್ಣಿಗೆ ಕಂಡದ್ದು ನಿನಗೆ. ನೀನು ನಿನ್ನನ್ನೇ ಬೈಕೊಂಡು ಸೊರಗ್ತಾ ಇದ್ದೀಯ ಅಂತ ಅಮ್ಮ ಹೇಳಿದ್ಲು. ಅದಕ್ಕೆ ತೋರಿಸಿದೆ." ಅವನು ಬಿಳಿ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದ. "ನನ್ನ ಕಾರಿಗೆ ಇದೇ ಹಾಕು."

"ನಿನಗೇನು ತಲೆ ಕೆಟ್ಟಿದ್ಯಾ?"

"ಮುಂದಿನ ಓಟದಲ್ಲಿ ಮೊದಲ ಜೋಡಿ ನಾನು, ಭಾವ. ಯಜಮಾನ್ರ ಹತ್ರ ನಾನೇ ಕೇಳಿಕೊಂಡೆ. ಎಲ್ಲರ ಎದುರಿಗೆ ಕೇಳಿದೆ, ಭಾವ ಇಲ್ಲ ಅನ್ನೋ ಹಾಗಿರಲಿಲ್ಲ. ನಾನು ಮುಂದೆ, ಅವನು ಹಿಂದೆ. ಅದೇ ತಿರುವು, ಅದೇ ಬಿಳಿ. ಮತ್ತೆ ಕಾಣಲಿಲ್ಲ ಅಂತಾನೋ, ಏನಂತಾನೋ, ನೋಡೇಬಿಡೋಣ."

"ಈ ಸಲ ಕಾಲಲ್ಲ, ಪ್ರಾಣ ಹೋಗುತ್ತೆ ಕಣೋ!"

"ಹೋದ ವರ್ಷಾನೇ ಹೋಗ್ಬೇಕಿತ್ತು," ಎಂದ ಬುಗುರಿ, ಹವಾಮಾನದ ಸುದ್ದಿ ಹೇಳುವವನಂತೆ. "ಅಪಘಾತವಾದ ದಿನ ಬೆಳಿಗ್ಗೆ ಯಜಮಾನ್ರು ಹೇಳಿದ್ರು, ಮುಂದಿನ ವರ್ಷ ದೊಡ್ಡ ಓಟಗಳಿಗೆ ಒಬ್ಬನನ್ನೇ ಕಳಿಸೋದು, ನಿನ್ನನ್ನೇ ಅಂತ. ಭಾವ ಪಕ್ಕದಲ್ಲೇ ಟೈರು ಬಿಗೀತಾ ಇದ್ದ. ಕೇಳಿಸ್ತೋ ಇಲ್ಲವೋ ನನಗೆ ಗೊತ್ತಿಲ್ಲ."

ಬುಗುರಿ ಆಸ್ಪತ್ರೆ ಸೇರಿದ್ದರಿಂದ ಆ ದೊಡ್ಡ ಓಟಗಳಿಗೆ ಹೋದವನು ಉಸ್ತಾದ್. ಗೆದ್ದು ತಂದ ಲೋಟಾಕಾರದ ಕಪ್ಪುಗಳು ಅವಳ ಮನೆಯ ಟಿವಿಯ ಮೇಲೆಯೇ ಕೂತಿದ್ದವು. ಅವುಗಳ ಧೂಳು ಒರೆಸುತ್ತಿದ್ದವಳೂ ಅವಳೇ.

ಸಂಜೆ ಗಂಡ ಶೆಡ್ಡಿಗೆ ಬಂದ. ಅವಳನ್ನು ಕರೆದುಕೊಂಡು ಹೋಗಲು ದಿನಾ ಬರುತ್ತಿದ್ದವನೇ. ಒಳ್ಳೆಯ ಗಂಡ, ಯಾರೂ ಬೆರಳು ತೋರಿಸುವಂತಿರಲಿಲ್ಲ. ಅವಳು ಒಳಗೆ ಗನ್ನು ತೊಳೆಯುತ್ತಿದ್ದಾಗ ಅವನು ಹಿತ್ತಲ ಬಾಗಿಲು ತೆಗೆದು ಆಚೆ ಹೋದದ್ದು ಕಾಣಿಸಿತು. ಬಹಳ ಹೊತ್ತು ಬರಲಿಲ್ಲ. ಅವಳು ಹೋಗಿ ನೋಡಿದರೆ ಸಾಲಾಗಿ ನಿಂತ ಬಾಗಿಲುಗಳ ಮುಂದೆ ನಿಂತಿದ್ದ. ಬಿಳಿಯ ಮೇಲೆ ಕೂತಿದ್ದ ಕಪ್ಪು ಮಸಿಯನ್ನು ಬೆರಳಿನಿಂದ ಸವರಿ, ಬೆರಳನ್ನೇ ನೋಡುತ್ತಿದ್ದ.

"ಏನಿದು ಆಟ?"

"ಬಣ್ಣ ಆರಿಸೋಕೆ. ಹೊಗೆಯಲ್ಲಿ ಯಾವುದು ಕಾಣುತ್ತೆ ಅಂತ."

"ಯಾರು ಕೂತು ನೋಡಿದ್ದು?"

"ನಾನೇ."

ಅವನು ತಲೆಯಾಡಿಸಿದ. ಒಳಗೆ ಬಂದು, ಥಿನ್ನರಿನಲ್ಲಿ ಬಟ್ಟೆ ಅದ್ದಿ ಆ ಒಂದು ಬೆರಳನ್ನು ಉಜ್ಜತೊಡಗಿದ. ಮಸಿ ಹೋದ ಮೇಲೂ ಉಜ್ಜುತ್ತಲೇ ಇದ್ದ. ಮೇಲೆ ದೀಪದ ಸುತ್ತ ಒಂದು ಹುಳ ಪಟಪಟ ಬಡಿದುಕೊಳ್ಳುತ್ತಿತ್ತು.

"ಕಿತ್ತಳೆ ಹಾಕು," ಎಂದ ಕೊನೆಗೆ.

"ಅವನಿಗೆ ಬಿಳಿ ಬೇಕಂತೆ."

"ಅವನ ಮಾತು ಕೇಳಬೇಡ."

"ಯಾಕೆ ರೀ?"

ಅವನು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ ಮೇಜಿನ ಮೇಲಿಟ್ಟ. "ಬಿಳಿ ಆದ್ರೆ ನನಗೆ ಮತ್ತೆ ಕಾಣಲ್ಲ." ದನಿ ಏರಿಸಲಿಲ್ಲ, ಮುಖ ಗಂಟಿಕ್ಕಲಿಲ್ಲ. "ನಡಿ, ಹಸಿವಾಗ್ತಿದೆ," ಎಂದು ಅವಳ ಚೀಲವನ್ನು ತಾನೇ ಎತ್ತಿಕೊಂಡ.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವನು ಗೇರು ಬದಲಿಸುವ ಕೈಯನ್ನೇ ನೋಡುತ್ತ ಕೂತಿದ್ದಳು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವನ ಕೈ.

ಮಾರನೇ ದಿನ ಅವಳು ಸುಮ್ಮನೆ ಕೂರಲಿಲ್ಲ. ತಂಡದ ಯಜಮಾನರ ಆಫೀಸಿಗೆ ಹೋಗಿ, ಆ ಜೋಡಿ ಬೇಡ, ಬೇರೆ ಯಾರನ್ನಾದರೂ ಹಾಕಿ ಎಂದು ಬೇಡಿಕೊಂಡಳು. ಅವರು ಫೋನಿನಿಂದ ಕಣ್ಣೆತ್ತಲಿಲ್ಲ. "ನೋಡಮ್ಮ, ಭಾವ ಭಾವಮೈದ ಮತ್ತೆ ಒಟ್ಟಿಗೆ ಓಡಿಸ್ತಾರೆ ಅಂತ ಪೋಸ್ಟರು ಹಾಕಿಸಿದ್ದೀನಿ. ಜನ ಅದಕ್ಕೇ ಬರ್ತಾರೆ. ಮನೆ ಜಗಳ ಮನೇಲೇ ಮುಗಿಸ್ಕೊಳ್ಳಿ," ಎಂದರು. ತಮ್ಮನ ಹತ್ತಿರ ಹೋದಳು. ಅವನು, "ನೀನು ಬಣ್ಣ ಹೊಡೀದಿದ್ರೆ ಬೇರೆ ಶೆಡ್ಡಿದೆ," ಎಂದುಬಿಟ್ಟ. ಅಮ್ಮನಿಗೆ ಹೇಳಲು ಬಾಯಿ ತೆರೆದಳು. ಅಳಿಯನ ಒಳ್ಳೆಯತನವನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವ ಆ ಮುಖ ನೋಡಿ ನಾಲಗೆ ಕಚ್ಚಿಕೊಂಡಳು.

ಕೊನೆಗೆ ಅವಳು ಕಾರನ್ನು ಬಣ್ಣ ಹೊಡೆಯುವ ಬೂತಿನೊಳಗೆ ತಳ್ಳಿಸಿ, ಗಾಜುಗಳಿಗೆ ಕಾಗದ ಅಂಟಿಸಿ, ಬಿಳಿ ಕಲಸಿದಳು. ಬೇರೆ ಯಾರೋ ಹೇಗೆ ಹೇಗೋ ಹೊಡೆಯುವುದಕ್ಕಿಂತ ತಾನೇ ಹೊಡೆಯುವುದು ಮೇಲು ಎಂದುಕೊಂಡಳು. ಅದು ತನಗೆ ತಾನೇ ಹೇಳಿಕೊಂಡ ನೆಪ ಎಂಬುದೂ ಅವಳಿಗೆ ಗೊತ್ತಿತ್ತು. ನಿಜ ಏನೆಂದರೆ ಅವಳಿಗೂ ನೋಡಬೇಕಿತ್ತು. ಗೊತ್ತಾಗದೆ ಆ ಮನೆಯಲ್ಲಿ ಇನ್ನೊಂದು ತುತ್ತು ಇಳಿಯುವಂತಿರಲಿಲ್ಲ. ಕೈ ಎಂದಿನಂತೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಆಡಿತು. ಬಣ್ಣ ಅಷ್ಟು ಚೆನ್ನಾಗಿ ಕೂತದ್ದು ಅವಳ ಕೆಲಸದಲ್ಲೇ ಇಲ್ಲ.

ಓಟದ ದಿನ ಬಿಸಿಲು ಸುಡುತ್ತಿತ್ತು. ಅಂಗಳದ ಬೇಲಿಗುಂಟ ಜನ ಕಿಕ್ಕಿರಿದಿದ್ದರು. ಅವಳು ಯಾವಾಗಲೂ ತಂಡದವರ ಟೆಂಟಿನ ಕೆಳಗೆ ಕೂತು ನೋಡುವವಳು. ಅಂದು ಬಣ್ಣ ಮೆತ್ತಿದ ಕೆಲಸದ ಬಟ್ಟೆಯಲ್ಲೇ ನೇರ ಮೂರನೇ ತಿರುವಿಗೆ ನಡೆದು, ಕಾಂಕ್ರೀಟ್ ಗೋಡೆಯ ಹಿಂದೆ, ಬಾವುಟದವನ ಪಕ್ಕ ನಿಂತಳು. "ಇಲ್ಲಿ ನಿಲ್ಲೋ ಹಾಗಿಲ್ಲಕ್ಕ," ಎಂದ ಅವನು. ಅವಳ ಮುಖ ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ದೂರದಲ್ಲಿ ಎರಡು ಇಂಜಿನ್ನುಗಳು ಗುಟುರು ಹಾಕಿದವು. ಬಿಳಿ ಕಾರು ಮೊದಲ ತಿರುವಿಗೆ ಬಾಲ ಬೀಸಿತು. ಅದರ ಹಿಂದೆ ಗಂಡನ ಕಡುನೀಲಿ ಕಾರು. ಎರಡನೇ ತಿರುವು ಕಳೆಯುವಷ್ಟರಲ್ಲಿ ಎರಡರ ನಡುವೆ ಒಂದು ಅಂಗೈ ಹಿಡಿಸುವಷ್ಟು ಜಾಗವೂ ಇರಲಿಲ್ಲ. ಆಮೇಲೆ ಹೊಗೆ. ಜನರ ಕಡೆಯಿಂದ ನೋಡಿದರೆ ಬಿಳಿ ಕಾರು ಮಾಯವಾಗಿರಬೇಕು, ಯಾಕೆಂದರೆ ಎಲ್ಲರೂ ಒಟ್ಟಿಗೇ ಹೋ ಎಂದರು.

ಗೋಡೆಯ ಹತ್ತಿರ ನಿಂತವಳಿಗೆ ಮಾತ್ರ ಎಲ್ಲ ಕಂಡಿತು. ಬಿಳಿ ಕಾರು ಗೋಡೆಯನ್ನು ಸವರುವಂತೆ ಅಡ್ಡಡ್ಡ ಜಾರಿ ಬಂತು. ಅದರ ಬಾಗಿಲಿಗೆ ಇನ್ನೇನು ತಾಗುವಂತೆ ನೀಲಿ ಮೂಗು. ನೀಲಿ ಕಾರಿನ ಗಾಜಿನ ಹಿಂದೆ ಹೆಲ್ಮೆಟ್ಟು. ಆ ಹೆಲ್ಮೆಟ್ಟು ಬಿಳಿ ಬಾಗಿಲನ್ನು ನೋಡುತ್ತಿತ್ತು. ಆಮೇಲೆ ಅದು ಚೂರು ಮೇಲಕ್ಕೆ ಎದ್ದು, ಬಾಗಿಲಿನಾಚೆ ಗೋಡೆಯ ಹಿಂದೆ ನಿಂತ ಅವಳತ್ತ ತಿರುಗಿತು. ಅವಳು ಕಣ್ಣು ಮಿಟುಕಿಸಲಿಲ್ಲ. ಇಂಜಿನ್ನಿನ ಸದ್ದು ಒಂದು ಕೂದಲೆಳೆಯಷ್ಟು ಇಳಿಯಿತು. ನೀಲಿ ಮೂಗು ಬಿಳಿ ಬಾಗಿಲಿನಿಂದ ಒಂದು ಗೇಣು ಹಿಂದಕ್ಕೆ ಸರಿದು, ಅಷ್ಟೇ ಅಂತರದಲ್ಲಿ, ದಾರಕ್ಕೆ ಕಟ್ಟಿದಂತೆ, ತಿರುವು ಮುಗಿಯುವ ತನಕ ಹೋಯಿತು.

ಅಂಥ ಜೋಡಿ ಓಟ ಆ ಅಂಗಳದಲ್ಲಿ ಯಾರೂ ನೋಡಿರಲಿಲ್ಲ. ಅವಳು ಟೆಂಟಿನ ಹತ್ತಿರ ಬರುವಷ್ಟರಲ್ಲಿ ಜನ ಉಸ್ತಾದನನ್ನು ಹೆಗಲ ಮೇಲೆ ಎತ್ತಿ ಇಳಿಸಿದ್ದರು. ಬೆವರಿನಲ್ಲಿ ತೊಯ್ದು, ಕಣ್ಣು ಹೊಳೆಯುತ್ತ, ಹತ್ತು ವರ್ಷ ಚಿಕ್ಕವನಂತೆ ಕಾಣುತ್ತಿದ್ದ.

ಯಜಮಾನರು ಅವನ ಬೆನ್ನು ಚಪ್ಪರಿಸಿ, "ಏನಯ್ಯಾ ಇದು! ನಮಗೆ ಹೊಗೆ ಬಿಟ್ರೆ ಏನೂ ಕಾಣಲಿಲ್ಲ. ನಿನಗೆ ಹೇಗಯ್ಯಾ ಕಂಡಿತು?" ಎಂದರು.

"ಕಾಣದೆ ಏನು ಸ್ವಾಮಿ!" ಉಸ್ತಾದ್ ಗಹಗಹಿಸಿದ. "ಅಷ್ಟು ಹತ್ರ ಹೋದವನಿಗೆ ಬಾಗಿಲಿನ ಹಿಡಿ, ಬೀಗದ ತೂತು ಎಲ್ಲಾ ಕಾಣುತ್ತೆ. ಹೊಗೆ ಇರೋದು ನೋಡೋರಿಗೆ..."

ಅಲ್ಲಿಗೆ ಮಾತು ನಿಲ್ಲಿಸಿದ. ಎದುರಿಗೆ ಬುಗುರಿ ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ, ಕುಂಟುಗಾಲಿನ ಭಾರವನ್ನು ಕಾರಿನ ಮೇಲೆ ಬಿಟ್ಟು. ಯಜಮಾನರ ಕೈ ಉಸ್ತಾದನ ಬೆನ್ನ ಮೇಲೆ ಇದ್ದಲ್ಲೇ ಇದ್ದು, ಆಮೇಲೆ ಮೆಲ್ಲಗೆ ಕೆಳಗಿಳಿಯಿತು. ಸುತ್ತಲಿದ್ದ ಮೆಕ್ಯಾನಿಕ್ಕುಗಳಲ್ಲಿ ಒಬ್ಬ ಕೆಮ್ಮಿದ. ಮಿಕ್ಕವರು ತಮ್ಮ ತಮ್ಮ ಪಾನಾ, ಜಾಕುಗಳ ಕಡೆ ತಿರುಗಿದರು.

"ಥ್ಯಾಂಕ್ಸ್ ಭಾವ," ಎಂದ ಬುಗುರಿ. ಅಷ್ಟೇ. ಕಾರು ಏರಿಸಲು ಟ್ರಕ್ಕಿನ ಕಡೆ ಹೊರಟ.

ಟೆಂಟಿನ ಹಿಂದೆ, ಹಳೇ ಟೈರುಗಳ ರಾಶಿಯ ಪಕ್ಕ, ಗಂಡ ಅವಳನ್ನು ಹುಡುಕಿಕೊಂಡು ಬಂದ. ಹೊಳಪೆಲ್ಲ ಇಳಿದುಹೋಗಿತ್ತು. ಅವಳು ಕೇಳುವ ಮೊದಲೇ ತಾನೇ ಶುರು ಮಾಡಿದ.

"ಬೇಕೂಂತ ಮಾಡಲಿಲ್ಲ ಕಣೇ. ಹೋದ ಸಲ... ಆಕ್ಸಿಲರೇಟರಿನಿಂದ ಕಾಲು ಎತ್ತಬೇಕಿತ್ತು. ಎತ್ತಬೇಕು ಅಂತ ಗೊತ್ತಿತ್ತು. ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ."

"ಇವತ್ತು ಎತ್ತಿದ್ರಲ್ಲ."

ಅವನು ಅವಳ ಬಟ್ಟೆಯ ಮೇಲಿನ ಬಣ್ಣದ ಕಲೆಗಳನ್ನು ನೋಡಿದ. ಮುಖ ನೋಡಲಿಲ್ಲ.

"ಇವತ್ತು ನೀನು ನಿಂತಿದ್ದೆ," ಎಂದ.

ಅವಳು ತಿರುಗಿ ನಡೆದಳು. ತಮ್ಮನ ಟ್ರಕ್ಕು ಹತ್ತಿ, ಕಿಟಕಿಯ ಗಾಜು ಏರಿಸಿ ಕೂತಳು. ಅಮ್ಮನ ಮನೆಗೆ ಬಂದವಳು ಬಟ್ಟೆ ತರಲೂ ಆ ಮನೆಗೆ ಹೋಗಲಿಲ್ಲ, ತಮ್ಮನನ್ನು ಕಳಿಸಿ ತರಿಸಿಕೊಂಡಳು. ಅಮ್ಮ ಹಲವು ದಿನ ಗೋಳಾಡಿ, ಅಳಿಯನ ಪರ ಮಾತಾಡಿ, ಮಗ ಎದುರು ಕೂರಿಸಿಕೊಂಡು ಎಲ್ಲ ಹೇಳಿದ ಮೇಲೆ ಸುಮ್ಮನಾದಳು. ಬುಗುರಿ ಓಡಿಸುವುದನ್ನು ಬಿಡಲಿಲ್ಲ, ಆದರೆ ಜೋಡಿ ಓಟಕ್ಕೆ ಮತ್ತೆ ಇಳಿಯಲಿಲ್ಲ. ಯಜಮಾನರು ಉಸ್ತಾದನಿಗೆ ಒಂದು ಮಾತೂ ಆಡದೆ, ಮುಂದಿನ ವರ್ಷದ ಪಟ್ಟಿಯಿಂದ ಸದ್ದಿಲ್ಲದೆ ಕೈಬಿಟ್ಟರು. ಅಂಥ ಕೈಯನ್ನು ಯಾರು ತಾನೇ ಬಿಡುತ್ತಾರೆ? ಬೇರೆ ಪಟ್ಟಣದ ತಂಡವೊಂದು ಹಾರ ಹಾಕದಿದ್ದರೂ ಅಷ್ಟೇ ಆದರದಿಂದ ಅವನನ್ನು ಕರೆದುಕೊಂಡಿತು. ಹೊಗೆಯೊಳಗಿನ ಆ ಓಟದ ವಿಡಿಯೋ ಅಷ್ಟು ಜನರ ಫೋನುಗಳಲ್ಲಿ ಓಡಾಡಿತ್ತು.

ಅವಳ ಶೆಡ್ಡಿಗೆ ಈಗಲೂ ಓಟದ ಅಂಗಳದ ಕಾರುಗಳು ಬಣ್ಣಕ್ಕೆ ಬರುತ್ತವೆ. ಮೊನ್ನೆ ಬಂದ ಡ್ರೈವರೊಬ್ಬ, ಕಾರಿಗೆ ಯಾವ ಬಣ್ಣ ಎಂದು ತಾನೂ ತಲೆ ಕೆಡಿಸಿಕೊಳ್ಳುತ್ತ, ಬರುವ ಭಾನುವಾರ ಆಚೆ ಪಟ್ಟಣದಲ್ಲಿ ದೊಡ್ಡ ಓಟ ಇದೆ, ಉಸ್ತಾದ್ ಇಳಿಯುತ್ತಾರೆ ಎಂದ. ಅವಳ ಕೈಯಲ್ಲಿದ್ದ ಕಲಸುಕೋಲು ಡಬ್ಬದಲ್ಲೇ ನಿಂತಿತು.

"ಅವರ ಮುಂದೆ ಯಾರು ಓಡಿಸ್ತಾರೆ?"

"ಯಾರೋ ಹೊಸಬ. ಭಾರೀ ಚುರುಕಂತೆ. ಉಸ್ತಾದರನ್ನೇ ಮೀರಿಸ್ತಾನೆ ಅಂತ ಆಗಲೇ ಮಾತು ಶುರುವಾಗಿದೆ," ಎಂದ ಅವನು, ನಗುತ್ತ.

ಅವಳು ಕೈ ಒರೆಸಿಕೊಂಡು, ಗೋಡೆಗೆ ತೂಗುಹಾಕಿದ್ದ ವ್ಯಾನಿನ ಕೀಲಿ ತೆಗೆದುಕೊಂಡಳು. "ಆ ಹೊಸಬನ ಮನೆ ಎಲ್ಲಿ, ನಿಮಗೆ ಗೊತ್ತಾ?" ಎಂದು ಕೇಳಿದಳು.